ಬಾಗಿಲು ತೋರಿಸು, ಕೀಲಿ ತಗೋ

"ಸರ್ಕಾರ ಇವನಿಗೆ ಅಂಗಿ ಕೊಟ್ಟಿದೆ. ಅದರೊಳಗೆ ತುಂಬೋದಕ್ಕೆ ಒಬ್ಬ ಮನುಷ್ಯನನ್ನ ಕಳಿಸೋದು ಮಾತ್ರ ಮರೆತುಬಿಟ್ಟಿದೆ!"

ಹೀಗೆಂದವನು ಕೈರೋದ ಗೈಡು ಉಸ್ತಾದ್ ಮಮ್ದೂಹ್. ಅನ್ನಿಸಿಕೊಂಡವನು ತಿನ್ನಾರ್ ಗುಡಿಯ ಕಾವಲುಗಾರ ಖೈರಿ. ಕೇಳಿಸಿಕೊಂಡವರು ಇಪ್ಪತ್ತಮೂರು ಜನ ಪರದೇಶದ ಪ್ರವಾಸಿಗರು, ನಾಲ್ವರು ದೋಣಿಯವರು, ಮಣಿಸರ ಮಾರುವ ಇಬ್ಬರು ಹೆಂಗಸರು ಮತ್ತು ಒಂದು ಒಂಟೆ. ಒಂಟೆಯನ್ನೂ ಸೇರಿಸಿ ಹೇಳುವುದು ಯಾಕೆಂದರೆ, ಆ ಹೊತ್ತಿನಲ್ಲಿ ನಗದೆ ಇದ್ದದ್ದು ಅದೊಂದೇ.

ಖೈರಿ ಮಾಡಿದ ತಪ್ಪಾದರೂ ಏನು? ನಿಜ ಹೇಳಿದ್ದು. ಗುಡಿಯ ಮುಂಗಂಬದಲ್ಲಿ ಮೊಣಕಾಲೆತ್ತರಕ್ಕೆ ಕಲ್ಲು ಕನ್ನಡಿಯ ಹಾಗೆ ನುಣುಪಾಗಿದೆ. ಎರಡು ಸಾವಿರ ವರ್ಷ ಭಕ್ತರು ಮಂಡಿಯೂರಿ ಮುತ್ತಿಟ್ಟು ಮುತ್ತಿಟ್ಟು ಹೀಗಾಯಿತು ಅಂತ ಮಮ್ದೂಹ್ ಹೇಳಿದ. ಪ್ರವಾಸಿಗರ ಕಣ್ಣು ತೇವವಾಯಿತು. ಒಬ್ಬ ದಪ್ಪ ಮನುಷ್ಯ ಮಂಡಿಯೂರಿ ತಾನೂ ಒಂದು ಮುತ್ತು ಕೊಟ್ಟ. ನೀಲಿ ಟೋಪಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದ ಖೈರಿಯ ಕಡೆ ತಿರುಗಿ, ದೋಣಿಯವನ ಕೈಲಿ ಕೇಳಿಸಿದಳು: ಹೌದೇನಪ್ಪಾ?

ಖೈರಿ ತಲೆ ಅಲ್ಲಾಡಿಸಿದ. "ಇಲ್ಲಮ್ಮ. ಆಡುಗಳು ಮೈ ಉಜ್ಜಿಕೊಳ್ತಿದ್ದವು. ನಮ್ಮಜ್ಜಿಯವೇ." ಅಷ್ಟಕ್ಕೆ ಬಿಡಲಿಲ್ಲ. ಅರ್ಥವಾಗಲಿ ಅಂತ ಕಂಬಕ್ಕೆ ತಾನೇ ಪಕ್ಕೆ ಒತ್ತಿ, ಕಣ್ಣು ಅರೆಮುಚ್ಚಿ, "ಮ್ಯಾಆ" ಅಂತ ಉಜ್ಜಿ ತೋರಿಸಿದ. ದಪ್ಪ ಮನುಷ್ಯ ಜೇಬಿನಿಂದ ಬಟ್ಟೆ ತೆಗೆದು ತುಟಿ ಒರೆಸಿಕೊಂಡ.

ಆಗಲೇ ಮಮ್ದೂಹನ ಬಾಯಿಂದ ಆ ಮಾತು ಬಂದದ್ದು. ಮೊದಲು ಅರಬ್ಬಿಯಲ್ಲಿ ಊರವರಿಗೆ, ಆಮೇಲೆ ಇಂಗ್ಲಿಷಿನಲ್ಲಿ ಉಳಿದವರಿಗೆ. ಯಾರಿಗೂ ನಷ್ಟವಾಗಬಾರದಲ್ಲ.

ಈ ಗುಡಿ ಮೊದಲು ಈ ದಿಬ್ಬದ ಮೇಲೆ ಇರಲಿಲ್ಲ. ಖೈರಿಯೂ ಇರಲಿಲ್ಲ. ಎರಡೂ ಇದ್ದದ್ದು ಹಳೇ ತಿನ್ನಾರಿನಲ್ಲಿ, ನದಿಯ ಅಂಚಿಗೆ. ದೊಡ್ಡ ಅಣೆಕಟ್ಟು ಕಟ್ಟಿದರು, ನದಿ ಏರತೊಡಗಿತು. ಏಳು ದೇಶದ ಎಂಜಿನಿಯರುಗಳು ಬಂದು ಗುಡಿಯನ್ನು ಹೋಳು ಹೋಳು ಮಾಡಿ, ಪ್ರತಿ ಕಲ್ಲಿಗೂ ನಂಬರು ಬರೆದು, ಹತ್ತಿ ಸುತ್ತಿ, ದೋಣಿಗೇರಿಸಿ ತಂದು ಮತ್ತೆ ನದಿ ಕಾಣುವ ಹಾಗೆ ನಿಲ್ಲಿಸಿದರು. ಊರವರಿಗೂ ನಂಬರು ಕೊಟ್ಟು ದೋಣಿಗೇರಿಸಿದರು. ಹತ್ತಿ ಮಾತ್ರ ಸುತ್ತಲಿಲ್ಲ. ಇಳಿಸಿದ್ದು ನದಿಯಿಂದ ಅರ್ಧ ದಿನ ನಡೆದರೂ ನೀರು ಕಾಣದ ಬಯಲಿನಲ್ಲಿ, ಸಿಮೆಂಟಿನ ಸಾಲು ಮನೆಗಳಲ್ಲಿ. ಆಗ ಖೈರಿಗೆ ಹನ್ನೆರಡು ವರ್ಷ. ದೊಡ್ಡವನಾದ ಮೇಲೆ, ತಾಯಿ ಹಿಂದೆ ಕುರಿಮರಿ ಬರುವ ಹಾಗೆ, ಗುಡಿಯನ್ನು ಹುಡುಕಿಕೊಂಡು ಬಂದು ಕಾವಲಿಗೆ ಸೇರಿದ. ಹಳೇ ತಿನ್ನಾರಿನ ಇನ್ನೂ ಕೆಲವರು ಮರಳಿ ಬಂದು ನೆಲೆಸಿದ್ದ, ದಿಬ್ಬದ ಕೆಳಗಿನ ನದಿಯೋರದ ಹಳ್ಳಿಯಲ್ಲಿ ಮನೆ ಮಾಡಿದ.

ಹಳೇ ಊರಿನಿಂದ ಅವನು ತಂದದ್ದು ಒಂದೇ ವಸ್ತು. ಮರದ ಕೀಲಿಕೈ. ಮೊಳದುದ್ದ, ತುದಿಯಲ್ಲಿ ಐದು ಮರದ ಹಲ್ಲು. ಅಜ್ಜಿಯ ಮನೆ ಬಾಗಿಲಿನದು. ಮೂವತ್ತು ವರ್ಷದಿಂದ ಅದು ಅವನ ಹತ್ತಿರವೇ ಇತ್ತು, ಈ ಮನೆ ಮಾಡಿದ ಮೇಲೆ ನಡುಮನೆಯ ಗೋಡೆಯಲ್ಲಿ, ಮೊಳೆಗೆ ನೇತಾಡಿಕೊಂಡು. ಶುಕ್ರವಾರ ಅದಕ್ಕೆ ಧೂಪದ ಹೊಗೆ. ಮಗಳು ದಹಬ್ ಪರೀಕ್ಷೆಗೆ ಹೋಗುವಾಗ ಅದನ್ನು ಕಣ್ಣಿಗೊತ್ತಿಕೊಂಡೇ ಹೋಗಬೇಕು. ಆ ವಾರ ಹಬ್ಬಕ್ಕೆಂದು ಹೆಂಡತಿ ಸಿತ್ತಾನಾ ಮನೆಗೆ ಸುಣ್ಣ ಹೊಡೆಯುತ್ತಿದ್ದಳು. ಮರ ಅಂದರೆ ಒಲೆ ಅಂತಲೇ ತಿಳಿದವಳು ಅವಳು. ಅವಳ ಕೈಗೆ ಸಿಗಬಾರದು ಅಂತ ಖೈರಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಬಂದಿದ್ದ. ನಡುನಡುವೆ ಅದರಲ್ಲಿ ಬೆನ್ನೂ ಕೆರೆದುಕೊಳ್ಳುತ್ತಿದ್ದ. ಪೂಜ್ಯ ವಸ್ತು ನಿಜ, ಆದರೆ ಐದು ಹಲ್ಲು.

ಆವತ್ತು ಅವನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತಮೂರು ಜನ ನಕ್ಕರೆ ಯಾವನು ಸುಮ್ಮನಿರುತ್ತಾನೆ? ಸರಕ್ಕನೆ ಸೊಂಟದಿಂದ ಕೀಲಿ ಎಳೆದು, ಕತ್ತಿಯ ಹಾಗೆ ಎತ್ತಿ ಹಿಡಿದ.

"ಯಾರಿಗಯ್ಯಾ ಹೇಳ್ತೀಯ? ಈ ಗುಡಿಯ ಒಳಕೋಣೆ ಕೀಲಿ ನಮ್ಮ ಮನೆತನದ ಸೊಂಟದಲ್ಲಿತ್ತು, ನಿನ್ನ ಕೈರೋ ಹುಟ್ಟೋಕ್ಕೆ ಮುಂಚೆ! ನೋಡು! ನೋಡಿಕೋ!"

ಮಮ್ದೂಹ್ ನಗುತ್ತಾನೆ ಅಂದುಕೊಂಡರೆ ನಗಲಿಲ್ಲ. ನೀಲಿ ಟೋಪಿಯವಳ ಕಣ್ಣು ಅರಳಿದ್ದನ್ನು ಅವನು ನೋಡಿದ್ದ. ಗೈಡಿನ ಹೊಟ್ಟೆ ತುಂಬುವುದೇ ಅರಳಿದ ಕಣ್ಣಿನಿಂದ. ಖೈರಿಯ ಎರಡು ಸಾಲನ್ನು ಅವನು ಇಂಗ್ಲಿಷಿನಲ್ಲಿ ಇಪ್ಪತ್ತು ಸಾಲು ಮಾಡಿ ಹೇಳಿದ. ಅದು ಮುಗಿಯುವಷ್ಟರಲ್ಲಿ ಖೈರಿ ಮೂರು ಸಾವಿರ ವರ್ಷದ ಪೂಜಾರಿ ವಂಶದ ಕಟ್ಟಕಡೆಯ ಕುಡಿಯಾಗಿದ್ದ. ಇಪ್ಪತ್ತಮೂರು ಕ್ಯಾಮೆರಾ ಕ್ಲಿಕ್ ಅಂದವು.

ಸುದ್ದಿ ಖೈರಿಗಿಂತ ಮೊದಲು ಮನೆ ಮುಟ್ಟಿತ್ತು. ದೋಣಿ ನಡೆಸುವ ನೆರೆಯವ ಅಬ್ದೂನ್ ಓಣಿಯ ಬಾಯಲ್ಲೇ ಕಾದಿದ್ದ. "ದಾರಿ ಬಿಡಿ, ದಾರಿ ಬಿಡಿ! ಫರೋನ ಪೂಜಾರಪ್ಪ ಬಂದರು! ನಿನ್ನೆ ನನ್ನ ಹತ್ರ ತಂಬಾಕು ಇಸ್ಕೊಂಡಿದ್ದು ಇದೇ ಪೂಜಾರಪ್ಪನೋ, ಬೇರೆಯೋ?"

ಬಾಗಿಲಲ್ಲಿ ಸಿತ್ತಾನಾ, ಕೈತುಂಬ ಸುಣ್ಣ. "ದಹಬಳ ಅಪ್ಪಾ, ಬೆಳಗ್ಗೆ ಹೋಗುವಾಗ ಮುಸಲ್ಮಾನರಾಗೇ ಹೋದ್ರಲ್ಲ. ಸಂಜೆಗೆ ಇದೇನು? ನಮಾಜಿಗೆ ನೀರು ಇಡಲೋ, ಬೆಕ್ಕಿನ ದೇವರಿಗೆ ಮೀನು ಇಡಲೋ?"

"ಬಾಯಿ ತಪ್ಪಿ ಬಂತು ಕಣೇ."

"ನಿಮ್ಮ ಬಾಯಿ ತಪ್ಪದೆ ಬಂದದ್ದು ಒಂದೇ ಸಲ. ಮದುವೆ ದಿನ 'ಒಪ್ಪಿದೆ' ಅಂದ್ರಲ್ಲ, ಅದು."

ನಾಕು ದಿನ ನಕ್ಕು ಮರೆಯುತ್ತಾರೆ ಅಂದುಕೊಂಡ. ಮರೆಯಲಿಲ್ಲ. ನೀಲಿ ಟೋಪಿಯವಳು ತನ್ನ ದೇಶದ ಯಾವುದೋ ಪತ್ರಿಕೆಗೆ ಫೋಟೋ ಕಳಿಸಿದಳಂತೆ. ಎರಡು ತಿಂಗಳಲ್ಲಿ ಬರುವ ಪ್ರತಿ ಗುಂಪೂ ಮೊದಲು ಕೇಳುವುದೇ "ಕೀಲಿಯವನು ಎಲ್ಲಿ?" ಅಂತ. ಗುಡಿಯಲ್ಲಿ ಗಿಡುಗನ ತಲೆಯ ದೇವರು ಪಾಪ ಒಬ್ಬನೇ ನಿಂತಿರುತ್ತಿದ್ದ, ಜನವೆಲ್ಲ ಬಾಗಿಲಲ್ಲಿ. ಅಬ್ದೂನ್ ದೋಣಿಯ ಹಳೇ ಹಲಗೆ ಕೊರೆದು ಕೀಲಿ ಮಾಡಿ, ಚಹಾದಲ್ಲಿ ನೆನೆಸಿ, ಮೂರು ದಿನ ಕತ್ತೆಲದ್ದಿಯಲ್ಲಿ ಹೂತು, "ಆ ಕೀಲಿಯ ತಂಗಿ" ಅಂತ ಮಾರತೊಡಗಿದ. ಮಮ್ದೂಹ್ ಬಂದಾಗಲೆಲ್ಲ ಖೈರಿಯ ಹೆಗಲ ಮೇಲೆ ಕೈ ಹಾಕುತ್ತಿದ್ದ. ಅದೇ ಹೆಗಲು, ಅದೇ ಅಂಗಿ. ಒಳಗೆ ಮನುಷ್ಯ ಯಾವಾಗ ಬಂದನೋ.

ಒಂದು ಸೋಮವಾರ ಜೀಪು ಬಂತು. ಅದರಿಂದ ಇಳಿದವರು ಪುರಾತತ್ವದ ಹೊಸ ಇನ್ಸ್‌ಪೆಕ್ಟರ್ ವಜ್ದಿ ಬೇ, ಅಂದರೆ ವಜ್ದಿ ಸಾಹೇಬರು. ಉತ್ತರದ ಕಡೆಯವರು, ಕರಾವಳಿಯವರು, ಈ ಸೀಮೆಗೆ ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಕೈಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹತ್ತಿ.

ಸಂಬಳ ಏರಿಸೋಕೆ ಬಂದಿದಾರೆ ಅಂದುಕೊಂಡ ಖೈರಿ. ಸಿತ್ತಾನಾ ದಾಸವಾಳದ ಕೆಂಪು ಷರಬತ್ತಿಗೆ ಸಕ್ಕರೆ ಸುರಿದಳು. ವಜ್ದಿ ಬೇ ಷರಬತ್ತು ಮುಟ್ಟದೆ ಮೊದಲು ಬಿಳಿ ಕೈಗವಸು ಹಾಕಿಕೊಂಡರು. ಗೋಡೆಯ ಮುಂದೆ ನಿಂತು ಉಸಿರು ಬಿಗಿಹಿಡಿದರು.

ಖೈರಿ ಕೀಲಿ ತೆಗೆದುಕೊಡಲು ಕೈಚಾಚಿದ. "ಹಿಡ್ಕೊಳ್ಳಿ ಬೇ—"

"ಮುಟ್ಟಬೇಡ! ಬರಿಗೈಯಲ್ಲಿ ಮುಟ್ತೀಯಾ? ನಿನ್ನ ಕೈಬೆವರಿಗೆ ಮೂರು ಸಾವಿರ ವರ್ಷ ಕೊಳೆತುಹೋಗುತ್ತೆ!"

ಖೈರಿಗೆ ಬೆನ್ನು ತುರಿಸತೊಡಗಿತು. ಆದರೆ ಅದನ್ನು ಹೇಳುವ ಸಮಯ ಅದಲ್ಲ.

ವಜ್ದಿ ಬೇ ಕೀಲಿಯನ್ನು ಕೂಸಿನ ಹಾಗೆ ಹತ್ತಿಯಲ್ಲಿ ಮಲಗಿಸಿ, ಮುಚ್ಚಳ ಹಾಕಿ, ಆಮೇಲೆ ಷರಬತ್ತು ಕುಡಿದರು. ಬರುವ ಗುರುವಾರ ಗುಡಿಯಲ್ಲಿ ಗಾಜಿನ ಪೆಟ್ಟಿಗೆ, ಕೆಂಪು ಪಟ್ಟಿ, ಸಮಾರಂಭ. ಅಸ್ವಾನಿನಿಂದ ದೊಡ್ಡವರು ಬರುತ್ತಾರೆ. ಖೈರಿಗೆ ಜರಿ ಅಂಚಿನ ಹೊಸ ಅಂಗಿ, "ಕೀಲಿಪಾಲಕ" ಅನ್ನುವ ಹುದ್ದೆ. ಕೀಲಿ ಇನ್ನು ಮುಂದೆ ಸರ್ಕಾರದ್ದು.

"ಹಬ್ಬಕ್ಕಾದರೂ ಮನೆಗೆ ತರಬಹುದಾ ಬೇ?"

"ಅದು ಗಾಜು ದಾಟಿ ಬರೋದು ಇನ್ನು ಲೋಕ ಮುಗಿಯೋ ಕಯಾಮತ್ತಿನ ದಿನವೇ."

ಆಗ ಖೈರಿ ಪೆಟ್ಟಿಗೆಗೆ ಅಡ್ಡ ನಿಂತ. ನಿಜ ಬಾಯಿಗೆ ಬಂತು. ಬರಬೇಕಾದ ಹೊತ್ತಿಗಿಂತ ಎರಡು ತಿಂಗಳು ತಡವಾಗಿ ಬಂತು. "ಬೇ... ಅದು ಗುಡಿಯದ್ದಲ್ಲ. ನಮ್ಮಜ್ಜಿ ಮನೆ ಕೀಲಿ. ಸಿಟ್ಟಲ್ಲಿ ಒಂದು ಸುಳ್ಳು ಹೇಳಿಬಿಟ್ಟೆ."

ವಜ್ದಿ ಬೇ ನಕ್ಕರು. ಓದಿದವರಿಗೆ ಓದದವನು ಸುಳ್ಳು ಹೇಳಿದರೆ ನಂಬಿಕೆ, ನಿಜ ಹೇಳಿದರೆ ಅನುಮಾನ. "ಮಾರಿಕೊಳ್ಳೋ ಆಸೆ ಅಲ್ವಾ?"

"ದೇವರಾಣೆ ಬೇ! ಇಂಥ ಕೀಲಿ ಹಳೇ ತಿನ್ನಾರಿನವರ ಪ್ರತಿಯೊಬ್ಬರ ಮನೆಯಲ್ಲೂ ಇದೆ. ಬಿಟ್ಟು ಬರುವಾಗ ಬೀಗ ಹಾಕಿ ಎಲ್ಲರೂ ತಂದರು. ಕೇಳಿ ನೋಡಿ ಬೇಕಾದ್ರೆ!"

ಸರಿ, ಕೇಳೋಣ ಅಂತ ಹೊರಟರು. ಅದು ನಿಜವೇ ಆಗಿತ್ತು. ಆ ಓಣಿಯಲ್ಲಿ ಕೀಲಿ ಇಲ್ಲದ ಮನೆ ಇರಲಿಲ್ಲ. ಆದರೆ ಜೀಪಿನವರು ಮರದ ಕೀಲಿ ಹೊತ್ತೊಯ್ಯುತ್ತಾರೆ ಅನ್ನುವ ಸುದ್ದಿ ಜೀಪಿಗಿಂತ ಮುಂದೆ ಓಡಿತ್ತು. ಒಂದು ಮನೆಯ ಕೀಲಿ ಹಿಟ್ಟಿನ ಗುಡಾಣಕ್ಕೆ ಇಳಿಯಿತು. ಇನ್ನೊಂದು ತೊಟ್ಟಿಲಲ್ಲಿ ಕೂಸಿನ ಕೆಳಗೆ ಮಲಗಿತು, ಕೂಸು ಕಿರುಚತೊಡಗಿತು. ಮೂರನೆಯ ಮನೆಯ ಮುದುಕಿ ಕೀಲಿಯ ಮೇಲೆ ಕುಳಿತು, ಸೊಂಟ ಹಿಡಿದಿದೆ ಏಳಕ್ಕಾಗಲ್ಲ ಅಂದಳು.

ಅಬ್ದೂನ್ ಅಂತೂ ತಾನು ಕೆತ್ತಿದ ಏಳು ಕೀಲಿಗಳ ಮೇಲೆ ಹಾಯಿಬಟ್ಟೆ ಎಳೆದು, ಅದರ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. "ಮರದ ಕೀಲಿಯಾ ಬೇ? ಮರದಲ್ಲೂ ಕೀಲಿ ಮಾಡ್ತಾರಾ? ಸುಬಾನಲ್ಲಾ, ಏನು ಕಾಲ ಬಂತು!"

"ಅಬ್ದೂನ್!" ಅಂದ ಖೈರಿ. "ನಿಮ್ಮಜ್ಜನ ಕೀಲಿ ಇಲ್ವೇನೋ? ದೇವರನ್ನ ನೋಡಿ ಹೇಳೋ!"

ಅಬ್ದೂನ್ ಆಕಾಶ ನೋಡಿದ, ನೆಲ ನೋಡಿದ, ಖೈರಿಯನ್ನು ಮಾತ್ರ ನೋಡಲಿಲ್ಲ. "ಬಿಸಿಲು ಬೇ. ನಮ್ಮ ಖೈರಿ ದಿನವಿಡೀ ಬಾಗಿಲಲ್ಲಿ ನಿಂತಿರ್ತಾನೆ ನೋಡಿ."

ವಜ್ದಿ ಬೇ ಜೀಪು ಹತ್ತಿದರು. ಪೆಟ್ಟಿಗೆ ತೊಡೆಯ ಮೇಲಿತ್ತು. ಖೈರಿ ಬಾಗಿಲ ಸರಳು ಹಿಡಿದು ಜೊತೆಗೇ ಓಡಿದ. ಊರಿಗೆ ಊರೇ ನೋಡುತ್ತಿತ್ತು.

"ಕೀಲಿ ಅಂದಮೇಲೆ ಬಾಗಿಲಿರಬೇಕಲ್ಲಯ್ಯಾ," ಅಂದರು ವಜ್ದಿ ಬೇ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ಬಾಗಿಲು ತೋರಿಸು, ಕೀಲಿ ತಗೋ. ಎಲ್ಲಿದೆ ಬಾಗಿಲು?"

"ಅಣೆಕಟ್ಟಿನ ಕೆರೆಯ ತಳದಲ್ಲಿ ಬೇ."

"ಎಷ್ಟು ಆಳ?"

"ಅರವತ್ತು ಮೀಟರು ಅಂತಾರೆ."

"ಹಾಗಾದರೆ ಗುರುವಾರದೊಳಗೆ ತಾ."

ಸಿತ್ತಾನಾ ಸುಣ್ಣ ಹೊಡೆಯುವಾಗ ಕೀಲಿ ಇದ್ದ ಜಾಗವನ್ನು ಬಿಟ್ಟು ಹೊಡೆದಿದ್ದಳು. ಈಗ ಗೋಡೆಯಲ್ಲಿ ಬರಿ ಮೊಳೆ, ಅದರ ಕೆಳಗೆ ಮೊಳದುದ್ದದ ಹೊಗೆಯ ನೆರಳು. ಖೈರಿ ಅದರ ಮುಂದೆ ಕೂತ.

"ಬೆಳಗ್ಗೆ ಅಜ್ಜಿ ಅದನ್ನ ಹಾಕಿ ಎತ್ತಿದರೆ ಟಕ್, ಟಕ್, ಟಕ್ ಅಂತಿತ್ತು ಕಣೇ. ಆಮೇಲೆ ಪಕ್ಕದ ಮನೆಯದು. ಆಮೇಲೆ ಅದರ ಪಕ್ಕದ್ದು. ಹಾಗೇ ನದಿಗುಂಟ ಊರ ಕೊನೆವರೆಗೂ. ಮಸೀದಿಯ ಬಾಂಗಿಗೆ ಮೊದಲು ನಮಗೆ ಬೆಳಗಾಗ್ತಿದ್ದುದೇ ಆ ಸದ್ದಿಗೆ. ಅಂಗಳಕ್ಕೆ ಹೊಸ ಮರಳು ಹಾಸಿರ್ತಿದ್ದಳು, ಕಾಲಿಟ್ಟರೆ ತಣ್ಣಗೆ. ಟಪಾಲು ದೋಣಿ ಬರೋ ದಿನ ಆ ಮರಳ ಮೇಲೆ ಯಾರೂ ನಡೀಬಾರದು. ದುಡಿಯೋಕೆ ಹೋದ ದೂರದೂರಿಂದ ಅಪ್ಪನ ಕಾಗದ ಬಂದ್ರೆ ಮೊದಲ ಹೆಜ್ಜೆ ಕಾಗದದವನದೇ ಆಗಬೇಕು ಅಂತ."

ಸಿತ್ತಾನಾ ಹುಟ್ಟಿದ್ದು ಸಿಮೆಂಟಿನ ಸಾಲು ಮನೆಯಲ್ಲಿ. ಅವಳಿಗೆ ಗೊತ್ತಿದ್ದುದು ಕಬ್ಬಿಣದ ಚಿಲಕ. ಆದರೂ ಎದ್ದು ಅವನ ಕೈಗೆ ಪೇಟ ಕೊಟ್ಟಳು. "ನಿಮ್ಮನ್ನ ಬಿಟ್ಟರೆ ಆ ಮನೇಲಿ ಬಾಳಿದ ಜೀವ ಇನ್ನು ಒಂದೇ ಉಳಿದಿರೋದು. ನಬ್ರಾ ಅತ್ತೆ. ಹೋಗಿ ಕರ್ಕೊಂಡು ಬನ್ನಿ. ಮೂರು ಹಬ್ಬಕ್ಕೆ ಹೋಗಿಲ್ಲ, ಬೈತಾರೆ. ಬೈಸ್ಕೊಳ್ಳಿ."

ನಬ್ರಾ ಅತ್ತೆ ಖೈರಿಯ ಅಪ್ಪನ ಅಕ್ಕ. ಇನ್ನೂ ಆ ಬಯಲಿನ ಸಾಲು ಮನೆಯಲ್ಲೇ ಇದ್ದಳು. ಖೈರಿ ಲಾರಿ ಹಿಡಿದು ಮಧ್ಯಾಹ್ನಕ್ಕೆ ಮುಟ್ಟಿದಾಗ ಅವಳು ಅಂಗಳದಲ್ಲಿ ಹೆಂಚಿನ ಮೇಲೆ ತೆಳು ರೊಟ್ಟಿ ಹುಯ್ಯುತ್ತಿದ್ದಳು. ತಲೆಯೆತ್ತಲಿಲ್ಲ.

"ಯಾರಪ್ಪಾ ನೀನು? ನನಗೊಬ್ಬ ತಮ್ಮನ ಮಗ ಇದ್ದ, ಸತ್ತು ಮೂರು ಹಬ್ಬ ಆಯ್ತು."

"ನಾನೇ ಅತ್ತೆ."

"ಓ, ಎದ್ದು ಬಂದ್ಯಾ? ಕೂತ್ಕೋ. ರೊಟ್ಟಿ ತಿನ್ನು. ಸತ್ತೋರಿಗೆ ಹಸಿವಾಗುತ್ತೆ."

ಖೈರಿ ಮೊದಲಿಂದ ಕೊನೆವರೆಗೂ ಹೇಳಿದ. ಕಂಬ, ಆಡು, ಅವಮಾನ, ಸುಳ್ಳು, ಜೀಪು, ಹತ್ತಿ. ಅತ್ತೆ ಕೇಳುತ್ತ ಕೇಳುತ್ತ ನಗತೊಡಗಿದಳು. ರೊಟ್ಟಿ ಸೀದಿತು. ಇನ್ನೊಂದು ಹುಯ್ದಳು, ಅದೂ ಸೀದಿತು.

"ಎಷ್ಟು ಹಲ್ಲು ಅಂದೆ ಅದಕ್ಕೆ?"

"ಐದು."

"ಅಯ್ಯೋ ಪೆದ್ದೇ! ಮನೆ ಕೀಲಿಗೆ ಏಳು ಹಲ್ಲು. ಐದು ಹಲ್ಲಿಂದು ಆಡಿನ ಕೊಟ್ಟಿಗೆದು! ಮೂವತ್ತು ವರ್ಷ ಆಡಿನ ಕೊಟ್ಟಿಗೆಗೆ ಧೂಪ ಹಾಕಿದ್ಯೇನೋ?"

ಖೈರಿಯ ಕೈಲಿದ್ದ ತುತ್ತು ಕೈಲೇ ನಿಂತಿತು. ದಹಬ್ ಕಣ್ಣಿಗೊತ್ತಿಕೊಂಡು ಹೋಗಿ ಬರೆದ ಪರೀಕ್ಷೆಗಳೆಲ್ಲ ಕಣ್ಣಮುಂದೆ ಬಂದವು. ಲೆಕ್ಕದಲ್ಲಿ ಯಾಕೆ ಫೇಲಾದಳು ಅಂತ ಈಗ ತಿಳಿಯಿತು.

"ಮತ್ತೆ ಮನೆ ಕೀಲಿ ಎಲ್ಲಿ ಅತ್ತೆ?"

ಅತ್ತೆ ಹೆಂಚು ಕೆಳಗಿಳಿಸಿದಳು. "ಮನೆಗೆ ನಮ್ಮಮ್ಮ ಬೀಗವೇ ಹಾಕಲಿಲ್ಲ ಮಗಾ. ಆವತ್ತು ಊರೆಲ್ಲ ಬಾಗಿಲಿಗೆ ಮುತ್ತಿಟ್ಟು ಬೀಗ ಹಾಕ್ತಿತ್ತು. ಓಣಿ ತುಂಬ ಟಕ್ ಟಕ್. ಇವಳು ಕಸ ಗುಡಿಸಿದಳು. ಹೊಸ ಮರಳು ಹಾಸಿದಳು. ಹರವಿಗೆ ನೀರು ತುಂಬಿ ಮೇಲೆ ಚೆಂಬು ಕವುಚಿದಳು. ಬಾಗಿಲು ಹಾರು ಹೊಡೆದು, ಕೀಲಿ ಬಾಗಿಲಲ್ಲೇ ಬಿಟ್ಟು ಬಂದಳು. ದೋಣಿಯ ಅಧಿಕಾರಿ ಕೂಗಿದ, 'ಏ ಮುದುಕಿ, ಬೀಗ ಹಾಕು!' ಅಂತ. ಅಮ್ಮ ಏನಂದಳು ಗೊತ್ತಾ? 'ನದಿ ಬರ್ತಾ ಇದೆಯಪ್ಪಾ. ಹುಟ್ಟಿದಾಗಿಂದ ದಿನಾ ನಾನು ಅದರ ಮನೆಗೆ ಹೋಗಿದೀನಿ. ಒಂದೇ ಒಂದು ಸಲ ಅದು ನಮ್ಮನೆಗೆ ಬರುವಾಗ ಬಾಗಿಲು ಹಾಕ್ಕೊಳ್ಳಲಾ?' ಅಂದಳು."

ಖೈರಿ ಸೀದ ರೊಟ್ಟಿ ಬಾಯಿಗೆ ಹಾಕಿಕೊಂಡ.

"ನದಿಗೆ ಕುಡಿಯೋಕೆ ನೀರು ತುಂಬಿಟ್ಟ ಹೆಂಗಸು ಲೋಕದಲ್ಲಿ ಅವಳೊಬ್ಬಳೇ," ಅಂದಳು ಅತ್ತೆ ಮೂಗು ಒರೆಸಿಕೊಳ್ಳುತ್ತ. "ಕೊಟ್ಟಿಗೆಗೆ ಮಾತ್ರ ಬೀಗ ಹಾಕಿದಳು, ಆಡುಗಳು ತಿರುಗಿ ಒಳಗೆ ನುಗ್ಗಬಾರದು ಅಂತ. ಆಡಿಗೇನು ಗೊತ್ತು ಅಣೆಕಟ್ಟು? ಆಮೇಲೆ ಹೊಸ್ತಿಲು ದಾಟಿದವಳೇ ಕಾಲು ಸೋತು ಕುಸಿದಳು. ಹೊತ್ತೊಯ್ಯೋಣ ಅಂದ್ರೆ ಮಂಚಗಳೆಲ್ಲ ದೋಣಿ ಸೇರಿದ್ವು. ಕೊಟ್ಟಿಗೆ ಬಾಗಿಲನ್ನಾದರೂ ಬಿಚ್ಚಿ ಮಂಚ ಮಾಡೋಣ ಅಂತ, ಊರು ಬಿಡೋ ದಿನಕ್ಕೆ ಬಂದಿದ್ದ ನಿಮ್ಮಪ್ಪ ಕೀಲಿ ಹುಡುಕಿದ, ಹುಡುಕಿದ. ಗೂಟದ ಮೇಲೆ ಇಲ್ಲ! ಕೊನೆಗೆ ಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿಸಿ ಹೊತ್ತ. ಆಡುಗಳೆಲ್ಲ ಕೊಟ್ಟಿಗೆಯೊಳಗೆ ನುಗ್ಗಿದ್ವು ಅನ್ನು."

"ಕೀಲಿ ನಾನು ತಗೊಂಡಿದ್ದೆ ಅತ್ತೆ. ಮನೆದು ಅಂತ. ಯಾರೂ ನೋಡದ ಹಾಗೆ."

"ಕಳ್ಳಾ!" ಅತ್ತೆ ಕೈಗೆ ಸಿಕ್ಕ ರೊಟ್ಟಿಯಲ್ಲೇ ಅವನ ತಲೆಗೆ ಹೊಡೆದಳು. "ಮೂವತ್ತು ವರ್ಷದಿಂದ ನಾನು ಆ ಬಾಗಿಲನ್ನ ಹಗ್ಗದಲ್ಲಿ ಕಟ್ಟಿ ಕಟ್ಟಿ ಸಾಯ್ತಾ ಇದೀನಿ!"

"ಯಾವ ಬಾಗಿಲು?"

"ಇನ್ಯಾವ ಬಾಗಿಲು? ಅದೇ. ಅಕೋ ಕೋಳಿಗೂಡಿಗೆ ಹಾಕಿದೀನಿ."

ಖೈರಿ ತಿರುಗಿದ. ಅಂಗಳದ ಮೂಲೆಯಲ್ಲಿ ಎದೆಯೆತ್ತರದ ಖರ್ಜೂರದ ಹಲಗೆಯ ಬಾಗಿಲು. ಅದರ ಮೇಲೆ ಮರದ ಬೀಗ. ಮೂವತ್ತು ವರ್ಷದ ಹಿಂದೆ ಅಜ್ಜಿ ಎಳೆದ ಅಗುಳಿ, ಎಳೆದ ಹಾಗೇ ಹೊರಗೆ ಚಾಚಿಕೊಂಡು, ಹಿಡಿಯಲು ಗೋಡೆಯಿಲ್ಲದೆ ಗಾಳಿಯನ್ನೇ ಹಿಡಿದುಕೊಂಡಿತ್ತು. ಅದರ ಮೇಲೊಂದು ಕೋಳಿ ಕೂತಿತ್ತು.

ಬುಧವಾರ ಖೈರಿ ಊರಿಗೆ ಬಂದ. ತಲೆಯ ಮೇಲೆ ಬಾಗಿಲು, ಹಿಂದೆ ಅತ್ತೆ. ಬಾಗಿಲು ಹೋದಮೇಲೆ ಕೋಳಿ ಕಾಯೋರು ಯಾರು ಅಂತ ಅವಳ ಬುಟ್ಟಿಯಲ್ಲಿ ಎರಡು ಕೋಳಿ. ಮನೆಯಲ್ಲಿ ಜರಿ ಅಂಚಿನ ಅಂಗಿ ಬಂದು ಕಾಯುತ್ತಿತ್ತು. ಅಬ್ದೂನ್ ಅದನ್ನು ಸವರುತ್ತ ಕೂತಿದ್ದ. ಬಾಗಿಲಿನ ಕಥೆ ಕೇಳಿ ಬೆಚ್ಚಿಬಿದ್ದ.

"ನಿಂಗೇನು ಹುಚ್ಚಾ? ನಾಳೆ ಅಸ್ವಾನಿನ ದೊಡ್ಡವರ ಮುಂದೆ ಪೂಜಾರಿ ವಂಶ ಆಗೋದು ಬಿಟ್ಟು ಆಡಿನ ಕೊಟ್ಟಿಗೆ ವಂಶ ಆಗ್ತೀಯಾ? ಹೋಗಲಿ, ನಾನೊಂದು ಕೀಲಿ ಕೆತ್ತಿಕೊಡ್ತೀನಿ. ಅದೇ ಮೊಳೆಗೆ ಹಾಕ್ಕೋ. ನಿನಗೆ ಅಂತ ಏಳು ಹಲ್ಲು ಇಡ್ತೀನಿ!"

ಖೈರಿ ಸಿತ್ತಾನಾಳ ಮುಖ ನೋಡಿದ. ಅವಳು ಜರಿ ಅಂಗಿಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದಳು. ಚೆನ್ನಾಗಿತ್ತು. ಮಡಿಚಿ ಕಾಗದದಲ್ಲಿ ಸುತ್ತಿ ಅಬ್ದೂನನ ಕೈಗಿಟ್ಟಳು. "ಇದನ್ನ ಜೀಪಿಗೆ ವಾಪಸ್ ಕೊಟ್ಬಿಡಣ್ಣಾ. ಕಂಕುಳಲ್ಲಿ ಬಿಗಿ ಆಗುತ್ತೆ ಇವರಿಗೆ."

ಗುರುವಾರ ಗುಡಿಯ ಮುಂದೆ ಕುರ್ಚಿಗಳು. ಕುರ್ಚಿಗಳಲ್ಲಿ ಅಸ್ವಾನಿನ ದೊಡ್ಡವರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಹಿಂದೆ ಎರಡು ಬಸ್ಸಿನ ಪ್ರವಾಸಿಗರು, ಅವರ ಹಿಂದೆ ಇಡೀ ಹಳ್ಳಿ. ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಮಖಮಲ್ಲಿನ ಮೇಲೆ ಆಡಿನ ಕೊಟ್ಟಿಗೆಯ ಕೀಲಿ ಮಲಗಿತ್ತು. ಜನ್ಮದಲ್ಲಿ ಅಷ್ಟು ಮೆತ್ತಗೆ ಅದು ಮಲಗಿರಲಿಲ್ಲ.

ಮಮ್ದೂಹ್ ಭಾಷಣದಲ್ಲಿ ಎರಡನೇ ರಾಜವಂಶಕ್ಕೆ ಬಂದಿದ್ದ. ಆಗ ಜನ ಸೀಳಿಕೊಂಡು ಬಾಗಿಲೊಂದು ಬಂತು. ಅದರ ಕೆಳಗೆ ಖೈರಿ, ಹಳೇ ಅಂಗಿಯಲ್ಲಿ. ಪಕ್ಕದಲ್ಲಿ ಅತ್ತೆ, ಅವಳ ಬುಟ್ಟಿಯಲ್ಲಿ ಕೊಕ್ಕೊಕ್ಕೊ.

ವಜ್ದಿ ಬೇ ಎದ್ದು ಓಡಿ ಬಂದರು. "ಏನಯ್ಯಾ ಇದು? ಎಲ್ಲಿ ನಿನ್ನ ಹೊಸ ಅಂಗಿ?"

"ಬಾಗಿಲು ತಂದೆ ಬೇ."

"ನಾನು ತಮಾಷೆಗೆ ಅಂದದ್ದು!"

"ಇಡೀ ಊರ ಮುಂದೆ ಅಂದ್ರಂತೆ," ಅಂದಳು ಅತ್ತೆ, ಮುಂದಿನ ಸಾಲಿಗೆ ಕೇಳುವ ಹಾಗೆ. "ನಿಮ್ಮ ಕಡೆ ಹೇಗೋ ಗೊತ್ತಿಲ್ಲ ಮಗಾ. ನಮ್ಮ ಕಡೆ ಗಂಡಸು ಜೀಪಿನಲ್ಲಿ ಕೂತು ಆಡಿದ ಮಾತನ್ನ ಇಳಿದಮೇಲೂ ಇಟ್ಕೊಳ್ತಾನೆ."

ಅಸ್ವಾನಿನ ದೊಡ್ಡವರಲ್ಲಿ ಎಲ್ಲಕ್ಕಿಂತ ದೊಡ್ಡವರು ಭಾಷಣದಿಂದ ಬಳಲಿದ್ದರು. ಆಗಲಿ ನೋಡೋಣ ಅಂತ ಬೆರಳಾಡಿಸಿದರು. ವಜ್ದಿ ಬೇ ಕೈಗವಸು ಹಾಕಿಕೊಂಡು ಗಾಜಿನ ಪೆಟ್ಟಿಗೆ ತೆರೆದು, ಕೀಲಿ ಎತ್ತಿ, ಖೈರಿಯ ಬರಿಗೈಗೆ ಕೊಟ್ಟರು.

ಖೈರಿ ಬಾಗಿಲನ್ನು ಮುಂಗಂಬಕ್ಕೆ ಒರಗಿಸಿದ. ಆಡುಗಳು ಪಕ್ಕೆ ಉಜ್ಜುತ್ತಿದ್ದ ಅದೇ ಕಂಬಕ್ಕೆ. ಅಗುಳಿಯ ಬಾಯಿಗೆ ಕೀಲಿ ತೂರಿಸಿದ. ಮೇಲಕ್ಕೆತ್ತಿದ. ಏನೂ ಆಗಲಿಲ್ಲ. ಮಮ್ದೂಹ್ ಮೂಗಿನಲ್ಲೇ ನಕ್ಕ.

"ಊದೋ," ಅಂದಳು ಅತ್ತೆ. "ಕೋಳಿಪುಕ್ಕ ಇರುತ್ತೆ."

ಖೈರಿ ಊದಿದ. ಪುಕ್ಕವೊಂದು ಹಾರಿ ಹೋಗಿ ದೊಡ್ಡವರ ಮೀಸೆಯ ಮೇಲೆ ಕೂತಿತು. ಮತ್ತೆ ಕೀಲಿ ಹಾಕಿ ಎತ್ತಿದ.

ಟಕ್. ಟಕ್. ಟಕ್. ಟಕ್. ಟಕ್.

ಅಗುಳಿ ಸರಿಯಿತು.

ಹಿಂದಿನ ಸಾಲಿನಲ್ಲಿ, ಸೊಂಟ ಹಿಡಿದು ಏಳಲಾರದ ಮುದುಕಿ ಎದ್ದು ನಿಂತಳು. "ಇನ್ನೊಂದ್ಸಲ," ಅಂದಳು. ಖೈರಿ ಅಗುಳಿ ಎಳೆದು ಹಾಕಿದ, ಮತ್ತೆ ತೆಗೆದ. ಟಕ್ ಟಕ್ ಟಕ್ ಟಕ್ ಟಕ್. ಬಿರುಮಧ್ಯಾಹ್ನದಲ್ಲಿ ಮುದುಕರೆಲ್ಲ ಈಗಷ್ಟೇ ಎದ್ದವರ ಹಾಗೆ ಕಣ್ಣು ಉಜ್ಜಿಕೊಂಡರು. ಮುದುಕಿ ತನ್ನ ಕರೀ ನಿಲುವಂಗಿಯೊಳಗಿಂದ ಒಂದು ಮರದ ಕೀಲಿ ಹೊರತೆಗೆದಳು. "ನಮ್ಮದಕ್ಕೆ ಆರು ಹಲ್ಲು." ಇನ್ನೊಬ್ಬ ತೆಗೆದ, ಹಿಟ್ಟು ಮೆತ್ತಿತ್ತು. ಮತ್ತೊಬ್ಬಳು ಕೂಸಿನ ಬಟ್ಟೆಯಿಂದ ತೆಗೆದಳು. ಕಟ್ಟಕಡೆಗೆ ಅಬ್ದೂನ್ ಖೈರಿಯ ಮುಖ ನೋಡದೆ, ಎದೆಯೊಳಗಿಂದ ಒಂದನ್ನು ಎಳೆದು ಎತ್ತಿ ಹಿಡಿದ. ಅದಕ್ಕೆ ಚಹಾದ ಬಣ್ಣ ಇರಲಿಲ್ಲ.

ಹದಿನೇಳು ಕೀಲಿಗಳು ಬಿಸಿಲಿನಲ್ಲಿ ಎದ್ದವು. ವಜ್ದಿ ಬೇ ಸುತ್ತಲೂ ನೋಡಿದರು. ಅವರ ಹತ್ತಿರ ಇದ್ದದ್ದು ಒಂದೇ ಜೊತೆ ಕೈಗವಸು. ನಿಧಾನವಾಗಿ ಅದನ್ನು ಕಳಚಿ ಜೇಬಿಗೆ ಹಾಕಿಕೊಂಡು, ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿ ಕಿತ್ತರು. "ತಗೊಂಡು ಹೋಗಯ್ಯಾ," ಅಂದರು, ಖೈರಿಗೆ ಮಾತ್ರ ಕೇಳುವ ಹಾಗೆ. ದೊಡ್ಡವರು ಆಗಲೇ ಕಾರಿನ ಕಡೆ ನಡೆದಿದ್ದರು, ಮೀಸೆಯಲ್ಲಿ ಪುಕ್ಕದ ಸಮೇತ. ಹೇಳುವ ಧೈರ್ಯ ಯಾರಿಗಿತ್ತು?

ಉಳಿದವನು ಮಮ್ದೂಹ್. ಮೂರು ಸಾವಿರ ವರ್ಷ ಅವನ ಕೈಯಿಂದ ಜಾರಿಹೋಗಿತ್ತು. ಮುಖ ದಾಸವಾಳದ ಷರಬತ್ತಾಗಿತ್ತು. ಎರಡು ಬಸ್ಸಿನ ಜನರ ಮುಂದೆ, ಹಳ್ಳಿಯ ಮುಂದೆ ಕೂಗಿದ.

"ನಾನು ಮೊದಲೇ ಹೇಳಲಿಲ್ವಾ? ಪೂಜಾರಿ ಮಾಡೋಣ ಅಂತ ಎತ್ತಿ ಕೂರಿಸಿದರೆ ಆಡಾಗಿ ಕೆಳಗೆ ಹಾರಿದ! ಅಂಗಿಯೊಳಗೆ ಮನುಷ್ಯ ಇಲ್ಲ ಅಂದುಕೊಂಡಿದ್ದೆ, ಕೋಳಿಗೂಡು ಇದೆ! ಏ ಖೈರಿ, ಹೇಳಯ್ಯಾ, ಎಲ್ಲರೂ ಕೇಳ್ತಿದಾರೆ. ನೀರಲ್ಲಿ ಮುಳುಗಿದ ಕೊಟ್ಟಿಗೆ ಕೀಲಿ ಇಟ್ಕೊಂಡು ಯಾವ ಬಾಗಿಲು ತೆಗೀತೀಯ ನೀನು?"

ಎಲ್ಲರ ಕಣ್ಣೂ ಖೈರಿಯ ಬಾಯಿಯ ಮೇಲೆ. ಹಿಂದಿನ ಸಲ ಆ ಬಾಯಿ ತೆರೆದದ್ದರಿಂದಲೇ ಇಷ್ಟೆಲ್ಲ ಆದದ್ದು.

ಖೈರಿ ಕೀಲಿಯಿಂದ ಬೆನ್ನು ಒಮ್ಮೆ ಕೆರೆದುಕೊಂಡ. ಅದನ್ನು ಸೊಂಟಕ್ಕೆ ಸಿಕ್ಕಿಸಿದ. ಬಾಗಿಲನ್ನು ತಲೆಗೇರಿಸಿ, ಮಮ್ದೂಹನ ಪಕ್ಕದಲ್ಲೇ ಹಾದು, ನದಿಯ ಕಡೆ ಇಳಿಜಾರಿನಲ್ಲಿ ಹೊರಟುಬಿಟ್ಟ. ಮೂವತ್ತು ವರ್ಷ ಕಚ್ಚಿಕೊಂಡಿದ್ದ ಅಗುಳಿ ಈಗ ಸಡಿಲಾಗಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಟಕ್ ಅನ್ನುತ್ತಿತ್ತು, ದೋಣಿಕಟ್ಟೆಯವರೆಗೂ.